ನಮ್ಮ ಪಾಲಿನ ಎರಡೂವರೆ ಮೈಲಿ: ಕನ್ನಡ ಕೂಟದ ದಾರಿ ತಂಡಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಕಾರ್ಯಕಾರಿ ಸಮಿತಿಯವರಿಗೆ, ಹಾಗೂ ದಾರಿ ತಂಡದ ಹದಿನೆಂಟೂ ಮಂದಿಗೆ,

ನಮಸ್ಕಾರ.

ನಾವು ನೋಡಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡ ಕಾಡಿನ ಕಾಲುದಾರಿಯ ಬಗೆಗಿನ ಈ ಮಾತನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲೇ ಹಾಕೋಣ ಅಂತಿದ್ದೆ. ಆದರೆ ಆಗಸ್ಟಿನಿಂದ ಈಚೆಗೆ ನಾನು ಅಲ್ಲಿ ಹಾಕಿದ ನಾಲ್ಕು ಮೆಸೇಜಿಗೆ ಸಿಕ್ಕಿದ್ದು ಹನ್ನೊಂದು ಹೆಬ್ಬೆರಳು, ಎರಡು ಕೈಮುಗಿದ ಚಿತ್ರ. ದಾರಿ ಕೆಲಸಕ್ಕೆ ಬರುತ್ತೇನೆ ಅಂತ ಒಬ್ಬರೂ ಹೇಳಲಿಲ್ಲ. ಬರಲ್ಲ ಅಂತಲೂ ಹೇಳಲಿಲ್ಲ. ಆಮೇಲೆ ಕಳೆದ ಶನಿವಾರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ಊಟಕ್ಕೆ ಮುಂಚೆ, ಪರದೆಯ ಮೇಲೆ ನಮ್ಮ ತಂಡದ ಫೋಟೋ ಬಂತು. ಎಲ್ಲರೂ ಹಳದಿ ಟೀ ಶರ್ಟಿನಲ್ಲಿ, ಕೈಯಲ್ಲಿ ಹೊಸ ಗುದ್ದಲಿ. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಆ ಫೋಟೋ 2023ರ ಏಪ್ರಿಲ್‌ನದು. ಅವತ್ತು ರಾತ್ರಿ ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ತಂಡದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ನೋಡಿಕೊಳ್ಳಬೇಕಾದದ್ದು ಅಪಲಾಚಿಯನ್ ಟ್ರೈಲ್‌ನ ಒಂದು ತುಂಡು. ಈ ಟ್ರೈಲ್ ಅಂದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳಲ್ಲಿ ಹಾದುಹೋಗುವ ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನಮ್ಮ ವರ್ಜೀನಿಯಾದಲ್ಲೇ ಇದೆ. ಬೆಂಟನ್ ಮೆಕೈ ಎಂಬವರು ಈ ದಾರಿಯ ಯೋಚನೆಯನ್ನು 1921ರಲ್ಲಿ ಬರೆದು ಮುಂದಿಟ್ಟರು. 1937ರಲ್ಲಿ ಕೊನೆಯ ತುಂಡು ಸೇರಿತು. 1968ರಲ್ಲಿ ಕಾನೂನು ಮಾಡಿ ಇದನ್ನು ರಾಷ್ಟ್ರೀಯ ದಾರಿ ಅಂತ ಕರೆದರು. ಇಷ್ಟೆಲ್ಲ ಆದರೂ ಇವತ್ತಿಗೂ ಇದನ್ನು ನೋಡಿಕೊಳ್ಳುವ ಕೆಲಸದ ಬಹುಪಾಲು ಸಂಬಳವಿಲ್ಲದ ಜನರದ್ದು. ಮೂವತ್ತರ ಆಸುಪಾಸು ಕ್ಲಬ್ಬುಗಳು ದಾರಿಯನ್ನು ಹಂಚಿಕೊಂಡಿವೆ. ಒಂದೊಂದು ಕ್ಲಬ್ಬೂ ತನ್ನ ಪಾಲನ್ನು ಮೈಲಿಗಳ ಲೆಕ್ಕದಲ್ಲಿ ಮನೆಯವರಿಗೆ, ಗೆಳೆಯರ ಗುಂಪಿಗೆ ಹಂಚುತ್ತದೆ. ಹಾಗೆ ನಮ್ಮ ಪಾಲಿಗೆ ಬಂದದ್ದು ಎರಡೂವರೆ ಮೈಲಿ, ಜೊತೆಗೆ ಒರತೆಯ ಹತ್ತಿರಕ್ಕೆ ಇಳಿಯುವ ನೀಲಿ ಗುರುತಿನ ಒಂದು ಪುಟ್ಟ ದಾರಿ. ಪಾರ್ಕಿಂಗ್ ಹತ್ತಿರದ ಬೋರ್ಡಿನಲ್ಲಿ ಕೂಟದ ಹೆಸರೂ ಬಂತು. ಕಾಡಿನ ನಡುವೆ ಆ ಹೆಸರು ನೋಡಿ ನನಗೆ ನಿಜಕ್ಕೂ ಗಂಟಲು ಕಟ್ಟಿತ್ತು.

ಮೊದಲ ವರ್ಷ ಉತ್ಸಾಹಕ್ಕೆ ಕಡಿಮೆ ಇರಲಿಲ್ಲ. ಸ್ವಲ್ಪ ಜಾಸ್ತಿಯೇ ಇತ್ತು. ದಾರಿಯ ಗುರುತಿನ ಬಿಳಿ ಪಟ್ಟಿ 2 ಇಂಚು ಅಗಲ, 6 ಇಂಚು ಉದ್ದ ಇರಬೇಕು, ನಡೆಯುವವರಿಗೆ ಗೊಂದಲವಾಗದಷ್ಟು ದೂರಕ್ಕೊಂದು ಇದ್ದರೆ ಸಾಕು. ನಾವು ಮಕ್ಕಳ ಕೈಗೆ ಬ್ರಷ್ ಕೊಟ್ಟು, ಮದುವೆ ಮನೆಗೆ ಸುಣ್ಣ ಬಳಿದ ಹಾಗೆ ಹತ್ತು ಹೆಜ್ಜೆಗೊಂದು ಬಳಿಸಿದೆವು. ಕ್ಲಬ್ಬಿನ ಮೇಲ್ವಿಚಾರಕರು ಬಂದು ನೋಡಿ, ನಕ್ಕು, ಅರ್ಧದಷ್ಟನ್ನು ಕಂದು ಬಣ್ಣದಿಂದ ಮುಚ್ಚಿಸಿದರು. ಆ ದಿನ ಚಿತ್ರಾನ್ನ, ಮೊಸರನ್ನ ಎಲ್ಲ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಬೇಸಿಗೆ ಬಂತು, ಊರಿಗೆ ಹೋಗುವವರು ಹೋದರು. ಎರಡನೆಯ ವರ್ಷ ಆರು ಜನ ಬಂದರು. ಈ ವರ್ಷ ಮೂವರು, ಅದೂ ಒಂದೇ ಸಲ.

ಈಗ ಅಲ್ಲಿ ಏನಾಗಿದೆ ಅಂತ ಹೇಳುತ್ತೇನೆ. ಊಹೆಯಲ್ಲ, ಕಣ್ಣಲ್ಲಿ ಕಂಡದ್ದು.

ಜುಲೈ ಗಾಳಿಮಳೆಗೆ ಒಂದು ದೊಡ್ಡ ಆಶ್ ಮರ ದಾರಿಗೆ ಅಡ್ಡ ಬಿದ್ದಿದೆ. ಒಣಗಿ ನಿಂತಿದ್ದ ಮರ. ಏಷ್ಯಾದಿಂದ ಬಂದ ಒಂದು ಹಸಿರು ದುಂಬಿ 2002ರಲ್ಲಿ ಮೊದಲು ಮಿಷಿಗನ್‌ನಲ್ಲಿ ಕಾಣಿಸಿಕೊಂಡು, ಈ ದೇಶದ ಆಶ್ ಮರಗಳನ್ನೆಲ್ಲ ಒಳಗಿಂದ ತಿನ್ನುತ್ತಾ ಬಂದಿದೆ. ನಮ್ಮ ಪಾಲಿನಲ್ಲೂ ಇಂಥ ಸತ್ತ ಮರ ಬೇಕಾದಷ್ಟಿವೆ, ಇನ್ನೂ ಬೀಳುತ್ತವೆ. ಅಷ್ಟು ದಪ್ಪದ ಮರ ಕತ್ತರಿಸುವುದು ನಮ್ಮ ಕೆಲಸ ಅಲ್ಲ. ಅದಕ್ಕೆ ತರಬೇತಿ ಪಡೆದು ಸರ್ಟಿಫಿಕೇಟ್ ಇರುವ ಗರಗಸದವರೇ ಬರಬೇಕು. ನಮ್ಮ ಕೆಲಸ ಇಷ್ಟೇ: ಒಂದು ಫೋಟೋ ತೆಗೆದು, ಜಾಗ ಹೇಳಿ, ಕ್ಲಬ್ಬಿಗೆ ಒಂದು ಈಮೇಲ್. ಜುಲೈನಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಯಾರೂ ಆ ಕಡೆ ಹೋಗಿರಲಿಲ್ಲವಾದ್ದರಿಂದ ಆ ಈಮೇಲ್ ಹೋಗಲಿಲ್ಲ. ನಾನು ಹೋದಾಗ ಬರೆದೆ. ಅಷ್ಟರಲ್ಲಿ ನಡೆಯುವವರು ಮರ ದಾಟಲಾಗದೆ ಕೆಳಗಿನ ಇಳಿಜಾರಿನಲ್ಲಿ ತಮ್ಮದೇ ಒಂದು ದಾರಿ ತುಳಿದುಬಿಟ್ಟಿದ್ದರು. ಅದು ತುರಿಕೆ ಸೊಪ್ಪಿನ ನಡುವೆ ಇಳಿದು, ಹಳ್ಳದ ಕಡೆಗೆ ಹೋಗುತ್ತದೆ. ನೋಡಿದರೆ ಅದೇ ನಿಜವಾದ ದಾರಿ ಅನ್ನಿಸುವಷ್ಟು ಸವೆದಿದೆ.

ಅಕ್ಟೋಬರ್ ಎರಡನೆಯ ವಾರ ನಾನು ಮತ್ತೆ ಹೋದೆ. ಮರ ಇನ್ನೂ ಅಲ್ಲೇ ಇತ್ತು. ಹಳ್ಳದ ಕಡೆಯಿಂದ ಒಬ್ಬ ಹಿರಿಯರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬರುತ್ತಿದ್ದರು. ಅರವತ್ತೈದು ದಾಟಿದ ವಯಸ್ಸು. ಜೂನ್‌ನಲ್ಲಿ ಮೇನ್‌ನಿಂದ ಹೊರಟು, ದಕ್ಷಿಣಕ್ಕೆ ನಡೆದುಕೊಂಡೇ ಬಂದವರು. ಆ ಸುಳ್ಳು ದಾರಿ ಹಿಡಿದು ಹಳ್ಳದವರೆಗೆ ಹೋಗಿ, ಎಲೆ ಮುಚ್ಚಿದ ಬಂಡೆಯ ಮೇಲೆ ಜಾರಿ, ಮೊಣಕಾಲು ತರಚಿಕೊಂಡು, ಒಂದು ಗಂಟೆ ಕಳೆದುಕೊಂಡಿದ್ದರು. ನೀರು ಕೊಟ್ಟೆ, ಬ್ಯಾಂಡೇಜ್ ಕೊಟ್ಟೆ. ಬೈಯಲಿಲ್ಲ ಅವರು. ಬೆವರು ಒರೆಸಿಕೊಂಡು, "ಈ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ, ಗೊತ್ತೇ?" ಅಂತಷ್ಟೇ ಕೇಳಿದರು. ನಾನು ಹಾಕಿಕೊಂಡಿದ್ದು ಅದೇ ಹಳದಿ ಟೀ ಶರ್ಟ್. ಬೆನ್ನ ಮೇಲೆ ಕೂಟದ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅವರು ಮುಂದೆ ಹೋಗುವವರೆಗೆ ನಾನು ಮರಕ್ಕೆ ಬೆನ್ನು ಆನಿಸಿಕೊಂಡೇ ನಿಂತಿದ್ದೆ.

ಗೆಳೆಯರೇ, ನಾನು ಅವರಿಗೆ ಉತ್ತರ ಹೇಳಲಿಲ್ಲ.

ಬಿದ್ದ ಮರವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಹಾನಿ ಅದಕ್ಕಿಂತ ಜಾಸ್ತಿ. ಏರುದಾರಿಯಲ್ಲಿ ಓರೆಯಾಗಿ ಮರದ ದಿಮ್ಮಿ ಅಥವಾ ಕಲ್ಲಿನ ಸಾಲು ಹೂತಿಟ್ಟಿರುತ್ತಾರಲ್ಲ, ವಾಟರ್ ಬಾರ್, ಅದು ಮಳೆನೀರನ್ನು ದಾರಿಯಿಂದ ಪಕ್ಕಕ್ಕೆ ತಿರುಗಿಸುವುದಕ್ಕೆ. ತೋಟದಲ್ಲಿ ಬಸಿಗಾಲುವೆ ತೆಗೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲೆ ಉದುರಿ ಬಾಯಿ ಮುಚ್ಚಿದರೆ ನೀರು ದಾರಿಯಲ್ಲೇ ಇಳಿಯುತ್ತದೆ. ನಾಲ್ಕು ಜೋರು ಮಳೆಗೆ ಮಣ್ಣು ಹೋಗುತ್ತದೆ, ಬೇರು ಏಳುತ್ತದೆ, ಕಾಲಿಡಲು ಜಾಗವಿಲ್ಲದೆ ಜನ ಪಕ್ಕದಲ್ಲಿ ನಡೆಯುತ್ತಾರೆ, ದಾರಿ ಅಗಲವಾಗುತ್ತದೆ, ಅಲ್ಲಿನ ಗಿಡವೂ ಸಾಯುತ್ತದೆ. ನಮ್ಮ ಪಾಲಿನಲ್ಲಿ ಇಂಥ ವಾಟರ್ ಬಾರ್ 41 ಇವೆ. ಎಣಿಸಿದ್ದೇನೆ. ಅಕ್ಟೋಬರಿನ ಆ ದಿನ ಒಬ್ಬನೇ ನಾಲ್ಕು ಗಂಟೆ ಕೂತು ಒಂಬತ್ತನ್ನು ಬಿಡಿಸಿದೆ. ಗುದ್ದಲಿಯಲ್ಲಿ ಎಳೆದರೆ ಮೊದಲು ಒಣ ಎಲೆ, ಅದರ ಕೆಳಗೆ ಕಾಫಿ ಚರಟದಂಥ ಕಪ್ಪು ಗೊಚ್ಚೆ, ಅದರ ಕೆಳಗೆ ಮರಳು. ಮೂರನೆಯದರಲ್ಲಿ ಎಲೆಯ ಅಡಿ ಕಿತ್ತಳೆ ಬಣ್ಣದ ಒಂದು ಸಾಲಮಾಂಡರ್ ಮರಿ ಮಲಗಿತ್ತು, ಬೆರಳುದ್ದ. ಅದನ್ನು ಅಂಗೈಯಲ್ಲಿ ಎತ್ತಿ ಪಕ್ಕದ ಪಾಚಿಯ ಮೇಲೆ ಬಿಟ್ಟೆ. ಕೊನೆಗೆ ತುದಿ ಬಿಡಿಸಿದಾಗ ನಿಂತ ನೀರು ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, ಸರಕ್ಕನೆ ಪಕ್ಕಕ್ಕೆ ಹರಿಯಿತು. ಆ ಖುಷಿ ನಿಮಗೂ ಒಂದು ಸಲ ಸಿಕ್ಕಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ಇನ್ನು ಕಳೆ. ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದಷ್ಟು ಜಾಗ ಬಿಡಿಸಿಡಬೇಕು ಅಂತ ತರಬೇತಿಯಲ್ಲಿ ಹೇಳಿದ್ದು ಅಂದಕ್ಕಲ್ಲ. ಹುಲ್ಲು ಕಾಲಿಗೆ ತಾಗಿದರೆ ಉಣುಗು ಹತ್ತುತ್ತದೆ, ಇಲ್ಲಿ ಉಣುಗು ಅಂದರೆ ಲೈಮ್ ಕಾಯಿಲೆ. ನಾನು ಮಂಗನ ಕಾಯಿಲೆಯ ಶಿವಮೊಗ್ಗ ಜಿಲ್ಲೆಯವನು, ನನಗೆ ಆ ಹೆದರಿಕೆ ಚಿಕ್ಕಂದಿನದು. ಜೂನ್‌ನಲ್ಲಿ ಒರತೆಯ ದಾರಿಯಲ್ಲಿ ಸೊಂಟದವರೆಗೆ ಹುಲ್ಲಿತ್ತು.

ರಾಜ್ಯೋತ್ಸವದ ಊಟದ ಸಾಲಿನಲ್ಲಿ ಈ ವಿಷಯ ತೆಗೆದಾಗ ನಮ್ಮವರೇ ಒಬ್ಬರು ಅಂದರು: "ಪುಕ್ಕಟೆ ಮಾಡೋ ಕೆಲಸಕ್ಕೆ ಇಷ್ಟೊಂದು ಲೆಕ್ಕ ಯಾಕ್ರೀ?" ಮಾತು ತೆಗೆದುಹಾಕುವಂಥದ್ದಲ್ಲ. ಸಂಬಳ ಇಲ್ಲದವರನ್ನು ಕೇಳುವುದು ಕಷ್ಟವೇ. ನಮ್ಮಲ್ಲಿ ಕೆಲಸ ಕಳೆದುಕೊಂಡವರಿದ್ದಾರೆ, ವೀಸಾ ಚಿಂತೆಯಲ್ಲಿ ನಿದ್ದೆ ಬಿಟ್ಟವರಿದ್ದಾರೆ, ಕೈಗೂಸು ಇರುವವರಿದ್ದಾರೆ, ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಮೂರು ಸಲ ಓಡಾಡಿದವರಿದ್ದಾರೆ. ಡಲ್ಲಾಸ್‌ಗೆ ಮನೆ ಬದಲಾಯಿಸಿ ಒಂದು ವರ್ಷವಾದವರ ಹೆಸರೂ ನಮ್ಮ ಪಟ್ಟಿಯಲ್ಲಿದೆ! ಇವರಲ್ಲಿ ಯಾರೂ ಬರಲಿಲ್ಲ ಅನ್ನುವುದು ನನ್ನ ದೂರಲ್ಲ.

ನನ್ನ ದೂರು, ಬಿಟ್ಟೂ ಕೊಡಲಿಲ್ಲ ಅನ್ನುವುದು. ನಮ್ಮ ಹೆಸರು ಆ ಪಟ್ಟಿಯಲ್ಲಿ ಇರುವವರೆಗೆ ಆ ಎರಡೂವರೆ ಮೈಲಿಗೆ ಬೇರೆ ಯಾರನ್ನೂ ಕ್ಲಬ್ ಹುಡುಕುವುದಿಲ್ಲ. ಅವರ ಲೆಕ್ಕದಲ್ಲಿ ಅಲ್ಲಿ ಹದಿನೆಂಟು ಜನ ಇದ್ದಾರೆ. ಪಕ್ಕದ ಮೂರು ಮೈಲಿಯನ್ನು ನಿವೃತ್ತರಾದ ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುತ್ತಾರೆ. ಹೋಗಿ ನೋಡಿ, ನಮ್ಮ ಗಡಿ ಎಲ್ಲಿ ಮುಗಿಯಿತು ಅಂತ ಬೋರ್ಡ್ ಇಲ್ಲದೆಯೂ ಗೊತ್ತಾಗುತ್ತದೆ.

ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಕಾಲುಸಂಕ ಹಾಕುತ್ತಿದ್ದರು. ಅಡಿಕೆ ಮರದ ದಬ್ಬೆ, ಬಳ್ಳಿಯ ಕಟ್ಟು, ಒಂದು ಕಡೆ ಹಿಡಿದುಕೊಳ್ಳಲು ಬಿದಿರು. ಇಂಥ ಮನೆಯವರು ಇಷ್ಟು ಮರ ತರಬೇಕು ಅಂತ ಮೊದಲೇ ಮಾತಾಗಿರುತ್ತಿತ್ತು. ಒಂದು ವರ್ಷ ಒಂದು ಮನೆಯವರು ತರುತ್ತೇವೆ ಅಂದವರು ತರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ಹಳ್ಳ ಏರಿತು, ನಾವು ಮಕ್ಕಳು ಎರಡು ವಾರ ಶಾಲೆಗೆ ಹೋಗಲಿಲ್ಲ. ನಮಗೇನೋ ಹಬ್ಬ. ಆದರೆ ದೊಡ್ಡಪ್ಪ ಆ ಮನೆಯವರ ಅಂಗಳದಲ್ಲಿ ನಿಂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಮರ ಇಲ್ಲದಿದ್ರೆ ಇಲ್ಲ ಅನ್ನಬೇಕಿತ್ತು ಮಾರಾಯಾ, ನಮ್ಮ ತೋಟದಲ್ಲಿ ಎರಡು ಬಿದ್ದಿತ್ತು."

ಕ್ಲಬ್ಬಿನವರು ನಮ್ಮನ್ನು ಕೇಳಲೇ ಇಲ್ಲ ಅಂತಲೂ ಅಲ್ಲ. ಈ ವರ್ಷ ಮೂರು ಈಮೇಲ್ ಬಂದಿವೆ. ಮೂರರಲ್ಲೂ ಒಂದೇ ಪ್ರಶ್ನೆ: ನಿಮಗೆ ನಮ್ಮಿಂದ ಏನಾದರೂ ಸಹಾಯ ಬೇಕೇ? ನಾವು ಅದನ್ನು ಓದಿ, ಪಾಪ ಎಷ್ಟು ಒಳ್ಳೆಯವರು, ಏನೂ ಬೇಡ ಅಂತ ಉತ್ತರಿಸಿದೆವು. ಇಷ್ಟು ವರ್ಷ ಈ ದೇಶದಲ್ಲಿದ್ದೂ ನಮಗೆ ಆ ಸಾಲು ಓದಲು ಬರಲಿಲ್ಲ. ಅದರ ಅರ್ಥ, ಕೆಲಸ ಮಾಡ್ತೀರೋ ಇಲ್ಲವೋ ಹೇಳಿ ಅಂತ. ನಮ್ಮ ಕಡೆಯವರಾಗಿದ್ದರೆ ಫೋನ್ ಮಾಡಿ ನೇರ ಕೇಳುತ್ತಿದ್ದರು, ನಾವೂ ನಾಚಿಕೊಂಡು ಹೋಗುತ್ತಿದ್ದೆವು. ಕ್ಲಬ್ಬಿಗೂ ಇದರಲ್ಲಿ ಸ್ವಲ್ಪ ಪಾಲಿದೆ ಅಂತ ನನ್ನ ಅಭಿಪ್ರಾಯ. ಸ್ವಯಂಸೇವಕರ ಮನಸ್ಸು ನೋಯಿಸಬಾರದು ಅಂತ ಅವರು ಮೆತ್ತಗೆ ಕೇಳುತ್ತಾ ಹೋದರು. ಅಷ್ಟರಲ್ಲಿ ನೋವಾದದ್ದು ಇನ್ನೊಬ್ಬರ ಮೊಣಕಾಲಿಗೆ.

ಈಗ ಗಂಟೆಗಳ ವಿಷಯ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ತಪ್ಪಿನಲ್ಲಿ ನಾನೂ ಇದ್ದೇನೆ. ಕಳೆದ ವರ್ಷ ನಮ್ಮ ತಂಡ 212 ಗಂಟೆ ದುಡಿದಿದೆ ಅಂತ ಕ್ಲಬ್ಬಿಗೆ ಲೆಕ್ಕ ಹೋಗಿದೆ. ನನ್ನ ಹೆಸರಿನ ಮುಂದೆ 31. ಅದರಲ್ಲಿ ಒಂದು ಭಾನುವಾರದ ಐದು ಗಂಟೆ ಸುಳ್ಳು. ಅವತ್ತು ಮಳೆ ಅಂತ ನಾನು ಮನೆಯಲ್ಲೇ ಇದ್ದೆ. ಹಾಳೆ ಭರ್ತಿ ಮಾಡುವಾಗ, ಹೋಗಬೇಕಿದ್ದ ದಿನ ತಾನೇ, ಸುಮ್ನೆ ಬರೆದುಬಿಡೋಣ ಅನ್ನಿಸಿತು. ಬರೆದೆ. ನನ್ನ ಐದು ಗಂಟೆಯ ಕಥೆ ಇದು. ಉಳಿದವರು ತಮ್ಮ ತಮ್ಮ ಸಾಲು ನೋಡಿಕೊಳ್ಳಲಿ. ಹೋಗಿ ಕೆಲಸ ಮಾಡದಿದ್ದರೆ ದಾರಿ ಹಾಳಾಗುತ್ತದೆ. ಮಾಡಿದ್ದೇವೆ ಅಂತ ಬರೆದರೆ, ಹಾಳಾಗುತ್ತಿದೆ ಅನ್ನುವುದೂ ಯಾರಿಗೂ ತಿಳಿಯುವುದಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದಾಗ ಟೆನೆಸ್ಸಿ, ನಾರ್ತ್ ಕ್ಯಾರೊಲಿನಾ, ನೈಋತ್ಯ ವರ್ಜೀನಿಯಾದಲ್ಲಿ ಈ ದಾರಿಯ ಮೇಲೆ ಬಿದ್ದ ಮರಗಳಿಗೆ ಲೆಕ್ಕವೇ ಇರಲಿಲ್ಲ. ವರ್ಜೀನಿಯಾದ ಡಮಾಸ್ಕಸ್ ಊರಿನ ಪ್ರಸಿದ್ಧ ಸೈಕಲ್ ದಾರಿ, ಕ್ರೀಪರ್ ಟ್ರೈಲ್‌ನ ಮೇಲಿನ ಭಾಗ ಕೊಚ್ಚಿಹೋಯಿತು. ನಮ್ಮ ಕ್ಲಬ್ಬಿನ ಗರಗಸದವರು ವಾರಗಟ್ಟಲೆ ಆ ಕಡೆ ಹೋಗಿದ್ದರು. ಕಾನೂನಿನ ಪ್ರಕಾರ ವೈಲ್ಡರ್‌ನೆಸ್ ಅಂತ ಘೋಷಿಸಿದ ಕಾಡಿನಲ್ಲಿ ಮೋಟಾರಿನ ಗರಗಸ ಓಡಿಸುವಂತಿಲ್ಲ. ಅಲ್ಲಿ ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಉದ್ದ ಗರಗಸವೇ ಗತಿ. ಒಂದು ದಪ್ಪ ಮರಕ್ಕೆ ಗಂಟೆಗಟ್ಟಲೆ ಬೇಕು. ಹಾಗೆ ದುಡಿದು ಬಂದವರು ನಮ್ಮ ಪಾಲಿನ ಹಾಳೆ ನೋಡಿ, ಅಲ್ಲೇನೂ ತೊಂದರೆಯಿಲ್ಲ ಅಂತ ಪಕ್ಕಕ್ಕಿಟ್ಟರು. ಅವರಿಗೆ ಹಾಗೆ ಹೇಳಿದ್ದು ನಾವೇ ತಾನೇ?

ಇನ್ನೊಂದು ಹಳೆಯ ಸಂಗತಿ. 1937ರಲ್ಲಿ ಪೂರ್ತಿಯಾದ ಈ ದಾರಿ ಮರುವರ್ಷವೇ ನ್ಯೂ ಇಂಗ್ಲೆಂಡ್ ಚಂಡಮಾರುತಕ್ಕೆ ಸಿಕ್ಕಿತು. ಆಮೇಲೆ ಯುದ್ಧ ಬಂತು, ನೋಡಿಕೊಳ್ಳುವವರೇ ಇಲ್ಲವಾದರು. 1948ರಲ್ಲಿ ಯುದ್ಧದಿಂದ ಮರಳಿದ ಅರ್ಲ್ ಶೇಫರ್ ಎಂಬವರು ಒಂದೇ ಸಲಕ್ಕೆ ಉದ್ದಕ್ಕೂ ನಡೆದರು. ಹಾಗೆ ನಡೆದವರಲ್ಲಿ ಮೊದಲಿಗರು ಅಂತ ಹೆಸರಾದವರು ಅವರೇ. ಅವರಿಗೆ ಎಷ್ಟೋ ಕಡೆ ಗುರುತು ಅಳಿಸಿತ್ತು, ದಾರಿ ಪೊದೆಯಲ್ಲಿ ಮುಚ್ಚಿಹೋಗಿತ್ತು. ಮತ್ತೆ ಎಲ್ಲ ತುಂಡು ಸೇರಿ ಒಂದೇ ದಾರಿಯಾಗಲು 1951 ಆಯಿತು. ಹತ್ತು ವರ್ಷ ಕೈಬಿಟ್ಟದ್ದಕ್ಕೆ ಅವರಿಗೆ ಯುದ್ಧದ ಕಾರಣವಿತ್ತು. ನಮಗೆ ಶನಿವಾರದ ಕ್ರಿಕೆಟ್ ಇತ್ತು.

ಮಾನ್ಯ ಅಧ್ಯಕ್ಷರೇ, ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು. ಮೊದಲಿಗೆ, ಹದಿನೆಂಟೂ ಜನರಿಗೆ ನೀವೇ ಖುದ್ದು ಫೋನ್ ಮಾಡಿ. ಗುಂಪಿನಲ್ಲಿ ಮೆಸೇಜ್ ಬೇಡ, ಅಲ್ಲಿ ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ. ಬರುವ ವರ್ಷ ಬರ್ತೀರಾ, ಇಲ್ವಾ, ಅಷ್ಟೇ ಕೇಳಿ. ಇಲ್ಲ ಅಂದವರಿಗೆ ಕಾರಣ ಕೇಳಬೇಡಿ, ಎರಡು ವರ್ಷ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿ ಪಟ್ಟಿಯಿಂದ ಹೆಸರು ತೆಗೆಯಿರಿ. ಉಳಿದವರು ಐದೇ ಜನವಾದರೂ ಸಾಕು. ಅರ್ಧ ಅರ್ಧ ಮೈಲಿ ಹಂಚಿಕೊಳ್ಳುತ್ತೇವೆ, ಒಬ್ಬೊಬ್ಬರ ಹೆಸರಿನಲ್ಲಿ. ವರ್ಷಕ್ಕೆ ನಾಲ್ಕು ಸಲ ಹೋಗಬೇಕು: ಚಿಗುರುವ ಮುಂಚೆ ಮಾರ್ಚ್‌ನಲ್ಲಿ, ಕಳೆಗೆ ಜೂನ್‌ನಲ್ಲಿ, ಗಾಳಿಮಳೆ ಆದಮೇಲೆ ಆಗಸ್ಟ್‌ನಲ್ಲಿ, ಎಲೆ ಉದುರಿದಮೇಲೆ ನವೆಂಬರ್‌ನಲ್ಲಿ. ಐದೂ ಜನ ಸಿಗದಿದ್ದರೆ ಡಿಸೆಂಬರ್ ಒಳಗೆ ಈ ಪಾಲನ್ನು ಕ್ಲಬ್ಬಿಗೆ ಮರಳಿಸಿ, ಬೋರ್ಡಿನಿಂದ ಕೂಟದ ಹೆಸರು ಇಳಿಸಿ. ಅದರಲ್ಲಿ ಅವಮಾನ ಏನೂ ಇಲ್ಲ. ಬೇಕಾದರೆ ವರ್ಷಕ್ಕೊಂದು ಸಲ ಕ್ಲಬ್ಬಿನ ಕೆಲಸದ ದಿನಕ್ಕೆ ಹೋಗಿ ಅವರು ಹೇಳಿದ್ದನ್ನು ಮಾಡಿ ಬರೋಣ.

ಗಂಟೆಗಳ ಲೆಕ್ಕ ತಿದ್ದಿ ಕ್ಲಬ್ಬಿಗೆ ಕಳಿಸಬೇಕು. ನನ್ನ ಐದು ಗಂಟೆ ಕಳೆಯಿರಿ ಅಂತ ನಾನು ನಿನ್ನೆಯೇ ಬರೆದಿದ್ದೇನೆ. ಹಾಗೆಯೇ, ಹೊಸದಾಗಿ ಕೆಲಸ ಆಗುವವರೆಗೆ ಆ ಹಳೆಯ ಫೋಟೋವನ್ನು ಯಾವ ಕಾರ್ಯಕ್ರಮದಲ್ಲೂ ತೋರಿಸಬೇಡಿ, ದಯವಿಟ್ಟು.

ಈ ವರ್ಷ ನನ್ನ ಜೊತೆ ಬಂದ ಇಬ್ಬರು ಈ ಪತ್ರ ಓದಿ ಬೇಜಾರು ಮಾಡಿಕೊಳ್ಳಬಾರದು. ಅವರಲ್ಲಿ ಒಬ್ಬರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಒರತೆಯ ಹತ್ತಿರದ ಮೂರು ಮೆಟ್ಟಿಲು ಅವರು ಕೂರಿಸಿದ್ದೇ, ಇವತ್ತಿಗೂ ಅಲುಗಿಲ್ಲ.

ಬರುವ ಶನಿವಾರ ಬೆಳಿಗ್ಗೆ 8 ಗಂಟೆಗೆ ನಾನು ಪಾರ್ಕಿಂಗ್‌ನಲ್ಲಿ ಇರುತ್ತೇನೆ. ಇನ್ನೂ 32 ವಾಟರ್ ಬಾರ್ ಬಿಡಿಸುವುದಿದೆ. ಗುದ್ದಲಿ ಮೂರಿವೆ, ಒಂದರ ಹಿಡಿ ಸ್ವಲ್ಪ ಸಡಿಲ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ. ಉದ್ದ ಪ್ಯಾಂಟ್ ಹಾಕಿಕೊಂಡು ಬನ್ನಿ.

ವಿಶ್ವಾಸದಿಂದ,
ದಾರಿ ತಂಡದ ಒಬ್ಬ ಸದಸ್ಯ

ವಿ.ಸೂ.: ಕೊಂಬೆ ಕತ್ತರಿಸಲು ಕ್ಲಬ್ಬಿನವರು ಕೊಟ್ಟಿದ್ದ ಎರಡು ಉದ್ದ ಹಿಡಿಯ ಲಾಪರ್ 2023ರಿಂದ ನಮ್ಮಲ್ಲಿ ಯಾರದೋ ಗ್ಯಾರೇಜಿನಲ್ಲಿವೆ. ಮನೆಯ ಗುಲಾಬಿ ಗಿಡಕ್ಕೆ ಬಳಸಿದ್ದರೂ ಪರವಾಗಿಲ್ಲ. ಶನಿವಾರ ಬರಲು ಆಗದಿದ್ದರೆ, ಶುಕ್ರವಾರ ರಾತ್ರಿ ನಮ್ಮ ಮನೆ ಬಾಗಿಲ ಹತ್ತಿರ ಇಟ್ಟು ಹೋಗಿ. ಬೆಲ್ ಒತ್ತುವುದೂ ಬೇಡ.